ನೀತಿ ಕಲಿಸುವುದಿದ್ದರೆ ಟಿಪಿಆರ್ ಚಾರ್ಟ್‌ನಿಂದ ಶುರು ಮಾಡಿ

ಪ್ರಶ್ನೆ: ನಾನು ಗದಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಬೋಧಕಿ. ಈ ವರ್ಷ ನಮಗೆ ತಲೆ ತಗ್ಗಿಸುವಂಥ ಎರಡು ಪ್ರಕರಣ ಆದವು. ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಯೂನಿಫಾರ್ಮ್‌ನಲ್ಲೇ ವಾರ್ಡಿನೊಳಗೆ ರೀಲ್ಸ್ ಮಾಡಿ ಹಾಕಿದಳು. ಹಿಂದಿನ ಹಾಸಿಗೆಯಲ್ಲಿದ್ದ ರೋಗಿಯ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೊಂದು, ನಮ್ಮಲ್ಲೇ ಓದಿ ಹೋದ ಹುಡುಗಿ ಒಂದು ಸರಕಾರಿ ದವಾಖಾನೆಯಲ್ಲಿ ಹೆರಿಗೆಯಾದವರ ಮನೆಯವರಿಂದ ರೊಕ್ಕ ತೆಗೆದುಕೊಂಡಳೆಂದು ದೂರು ಬಂತು. ಆಡಳಿತ ಮಂಡಳಿಯವರು ‘ಎರಡು ದಿನದ್ದು ನೈತಿಕ ಶಿಕ್ಷಣ ಶಿಬಿರ ಮಾಡಿಬಿಡ್ರಿ, ಯಾರಾದರೂ ಸ್ವಾಮಿಗಳನ್ನ ಕರಸೂಣು’ ಅನ್ನುತ್ತಿದ್ದಾರೆ. ಇದರಿಂದ ಏನಾದರೂ ಆಗುತ್ತದೆಯೇ? ನೀತಿಯನ್ನು ಕಾಲೇಜಿನಲ್ಲಿ ಕಲಿಸಲಿಕ್ಕೆ ಬರುತ್ತದೆಯೇ, ಅಥವಾ ಅದು ಮನೆಯಿಂದಲೇ ಬರಬೇಕೇ?

ಉತ್ತರ: ಶಿಬಿರ ಮಾಡಿ, ಬೇಡ ಅನ್ನುವುದಿಲ್ಲ. ಸ್ವಾಮಿಗಳು ಬರುತ್ತಾರೆ, ದಯೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ, ಊಟ ಆಗುತ್ತದೆ, ಗ್ರೂಪ್ ಫೋಟೋ ಆಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ವಾರ್ಡು, ಅದೇ ಇನ್‌ಚಾರ್ಜ್ ಸಿಸ್ಟರು, ಅದೇ ಗದ್ದಲ. ಮಂಡಳಿಯವರಿಗೆ ಏನೋ ಮಾಡಿದೆವು ಎಂಬ ಸಮಾಧಾನ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ.

ನಿಮ್ಮ ಕಡೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನೀತಿ ಮನೆಯಿಂದ ಬರಬೇಕು ಅನ್ನುವವರ ಮಾತು ಅರ್ಧ ಸರಿ. ಸುಳ್ಳು ಹೇಳಬಾರದು, ಇನ್ನೊಬ್ಬರ ರೊಕ್ಕ ಮುಟ್ಟಬಾರದು ಎನ್ನುವುದು ಹದಿನೆಂಟಕ್ಕೆ ನಮ್ಮಲ್ಲಿಗೆ ಬರುವ ಹುಡುಗಿಗೆ ಗೊತ್ತೇ ಇರುತ್ತದೆ. ಆದರೆ ರಾತ್ರಿ ಎರಡಕ್ಕೆ ಡಾಕ್ಟರರು ಬರೆದ ಡೋಸ್ ಹೆಚ್ಚೆನಿಸಿದರೆ ಯಾರಿಗೆ ಫೋನ್ ಮಾಡಬೇಕು, ಯಾವ ಮಾತಿನಲ್ಲಿ ಹೇಳಬೇಕು, ಅವರು ಬೈದರೆ ಮುಂದೇನು ಎಂಬುದನ್ನು ಯಾವ ತಾಯಿಯೂ ಕಲಿಸಿ ಕಳಿಸಿರುವುದಿಲ್ಲ. ಅದು ವೃತ್ತಿಯ ವಿದ್ಯೆ, ನಾವೇ ಕಲಿಸಬೇಕು. ಮಾಡಿ ತೋರಿಸಬೇಕು, ಅವರ ಕೈಯಲ್ಲಿ ಮಾಡಿಸಬೇಕು, ತಪ್ಪಿದರೆ ನಿಂತು ತಿದ್ದಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ 1980ರ ದಶಕದಲ್ಲಿ ಒಂದು ಸರಳ ವಿಂಗಡಣೆ ಮಾಡಿದರು. ಒಬ್ಬರು ಸರಿಯಾಗಿ ನಡೆದುಕೊಳ್ಳಬೇಕಾದರೆ ನಾಲ್ಕು ಕೆಲಸ ಆಗಬೇಕು: ಇಲ್ಲೊಂದು ನೀತಿಯ ಪ್ರಶ್ನೆ ಇದೆ ಎಂದು ಕಣ್ಣಿಗೆ ಬೀಳಬೇಕು, ಯಾವುದು ಸರಿ ಎಂದು ತೀರ್ಮಾನಿಸಬೇಕು, ಬೇರೆ ಲಾಭಗಳನ್ನು ಬದಿಗಿಟ್ಟು ಅದನ್ನೇ ಮಾಡಬೇಕೆನಿಸಬೇಕು, ಕೊನೆಗೆ ಮಾಡಿ ಮುಗಿಸುವ ಗಟ್ಟಿತನ ಇರಬೇಕು. ನಮ್ಮ ಪರೀಕ್ಷೆಗಳು ಅಳೆಯುವುದು ಎರಡನೆಯದನ್ನು ಮಾತ್ರ. ಬಿಎಸ್ಸಿ ನರ್ಸಿಂಗ್‌ನ ಪರಿಷ್ಕೃತ ಪಠ್ಯಕ್ರಮದಲ್ಲಿ ನಾಲ್ಕನೇ ಸೆಮಿಸ್ಟರಿಗೆ ವೃತ್ತಿಮೌಲ್ಯ ಮತ್ತು ನೀತಿಯದೇ ಒಂದು ವಿಷಯ ಇದೆ, 20 ಗಂಟೆಯದು. ಒಳ್ಳೆಯದೇ. ಆದರೆ ‘ರೋಗಿಯ ಗೌಪ್ಯತೆ ಎಂದರೇನು’ ಎಂಬ ಪ್ರಶ್ನೆಗೆ ಐದಕ್ಕೆ ಐದು ತೆಗೆದುಕೊಂಡವಳೇ ರೀಲ್ಸ್ ಹಾಕಿರಬಹುದು, ಹಾಜರಿ ಮತ್ತು ಅಂಕಪಟ್ಟಿ ತೆಗೆದು ನೋಡಿ. ಅವಳಿಗೆ ವ್ಯಾಖ್ಯೆ ಗೊತ್ತಿತ್ತು. ಹಿಂದೆ ಮಲಗಿದ್ದವರು ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ, ಟಿಪಿಆರ್ ಚಾರ್ಟ್‌ನಿಂದ, ಅಂದರೆ ರೋಗಿಯ ಉಷ್ಣಾಂಶ, ನಾಡಿ, ಉಸಿರು ಬರೆದಿಡುವ ಹಾಳೆಯಿಂದ.

ನಿಮ್ಮ ವಿದ್ಯಾರ್ಥಿಗಳು ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನ ತರಬೇತಿಗೆ, ಹೋಗುವ ಯಾವುದಾದರೂ ಜನರಲ್ ವಾರ್ಡಿನ ಚಾರ್ಟ್‌ಗಳನ್ನು ಒಂದು ಬೆಳಿಗ್ಗೆ ಕೂತು ನೋಡಿ. ಉಷ್ಣಾಂಶ 98.4, 98.6, 98.4. ನಾಡಿ 80, 82, 80. ಉಸಿರು 20, 20, 20, 20. ಅಜ್ಜನಿಗೂ 20, ನ್ಯುಮೋನಿಯಾದ ಹುಡುಗನಿಗೂ 20, ನಿನ್ನೆ ಹೊಟ್ಟೆ ಕೊಯ್ಸಿಕೊಂಡ ಹೆಣ್ಣುಮಗಳಿಗೂ 20. ಈಗ ಲೆಕ್ಕ ಹಾಕಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ನಾವೇ ಪಾಠ ಮಾಡಿದ್ದೇವೆ. ನಾಡಿ, ಥರ್ಮಾಮೀಟರ್, ಬರೆಯುವುದು, ಮುಂದಿನ ಹಾಸಿಗೆಗೆ ಹೋಗುವುದು ಎಲ್ಲ ಸೇರಿ ಒಬ್ಬರಿಗೆ ನಾಲ್ಕು ನಿಮಿಷ ಹಿಡಿಯಿರಿ. ನಲವತ್ತು ಹಾಸಿಗೆಗೆ 160 ನಿಮಿಷ, ಅಂದರೆ ಎರಡು ತಾಸು ನಲವತ್ತು ನಿಮಿಷ. ಚಾರ್ಟ್ ತುಂಬಿದ ಹುಡುಗಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಬಂದಿದ್ದಾಳೆ. ಇದು ಅವಳಿಗೆ ಗೊತ್ತು, ಇನ್‌ಚಾರ್ಜ್ ಸಿಸ್ಟರಿಗೆ ಗೊತ್ತು, ಸಹಿ ಹಾಕುವ ನಮಗೂ ಗೊತ್ತು. ಯಾರೂ ಏನೂ ಅನ್ನುವುದಿಲ್ಲ.

ಇದನ್ನು ಸಣ್ಣ ವಿಷಯ ಅನ್ನಬೇಡಿ. ರೋಗಿ ಕೆಡುತ್ತಿರುವ ಸುಳಿವು ಬಹಳ ಸಲ ಮೊದಲು ಸಿಗುವುದು ಉಸಿರಿನ ಎಣಿಕೆಯಲ್ಲೇ. ಬಾಣಂತಿಗೆ ರಕ್ತಸ್ರಾವ ಆಗುತ್ತಿದ್ದರೆ ಬಿಪಿ ಇಳಿಯುವ ಮೊದಲೇ ನಾಡಿ ಏರುತ್ತದೆ. ನಾಡಿಯ ಜಾಗದಲ್ಲಿ 80 ಎಂದು ಮನಸ್ಸಿನಿಂದ ಬರೆದವಳು ಬಾಣಂತಿಯನ್ನು ಉಳಿಸಿಕೊಳ್ಳಲು ಇದ್ದ ಸಮಯವನ್ನೇ ಕಳೆದುಬಿಟ್ಟಳು. ಇನ್ನೂ ಒಂದು ಮಾತಿದೆ. ನೋಡದೆ ನೋಡಿದೆನೆಂದು ಬರೆಯುವ ಕೈಗೆ, ಕೊಡದ ಇಂಜೆಕ್ಷನ್ ಕೊಟ್ಟೆನೆಂದು ಬರೆಯುವುದು ಆಮೇಲೆ ಕಷ್ಟವಾಗುವುದಿಲ್ಲ. ನಾನು ಕಂಡ ದೊಡ್ಡ ದುರ್ನಡತೆಯ ಪ್ರಕರಣಗಳಲ್ಲಿ ಹೆಚ್ಚಿನವು ಇಂಥ ಸಣ್ಣ ಸುಳ್ಳಿನ ರೂಢಿಯ ಮೇಲೇ ಬೆಳೆದವು.

ಈ ರೂಢಿ ಎಲ್ಲಿಂದ ಬಂತು? ಇದನ್ನು ಕೇಳಲು ನಮಗೆ ಮುಜುಗರ, ಯಾಕೆಂದರೆ ಉತ್ತರ ನಮ್ಮ ಕಾಲೇಜಿನಲ್ಲೇ ಇದೆ. ಪ್ರಸೂತಿ ಕೇಸ್ ಬುಕ್ ತೆಗೆದುಕೊಳ್ಳಿ. ಇಷ್ಟು ಹೆರಿಗೆ ಮಾಡಿಸಿರಬೇಕು, ಇಷ್ಟು ನೋಡಿರಬೇಕು ಎಂದು ನಿಯಮ ಇದೆ. ಒಂದೇ ಲೇಬರ್ ರೂಮಿಗೆ ನಾಲ್ಕು ಕಾಲೇಜಿನ ಹುಡುಗಿಯರು ಬಂದರೆ ಅಷ್ಟು ಹೆರಿಗೆ ಎಲ್ಲಿಂದ ಬರಬೇಕು? ಸೀನಿಯರ್‌ಗಳ ಬುಕ್ ಬರುತ್ತದೆ, ಹೆಸರು ಬದಲಾಗುತ್ತದೆ, ಮಗುವಿನ ತೂಕ 2.8 ಇದ್ದದ್ದು 2.9 ಆಗುತ್ತದೆ. ಪರೀಕ್ಷೆಯ ಹಿಂದಿನ ವಾರ ಬೋಧಕರು ಒಂದೇ ಸಲ ಕೂತು ಎಲ್ಲಕ್ಕೂ ಸಹಿ ಹಾಕುತ್ತಾರೆ. ಹಾಜರಿಯ ಕೊರತೆಯನ್ನು ‘ಹೊಂದಿಸುವುದು’ ಬೇರೆ. ರೋಗಿಯ ಹೆಸರಿನಲ್ಲಿ ಸುಳ್ಳು ಬರೆದು ಸಹಿ ಪಡೆಯಬಹುದು ಎಂಬ ಮೊದಲ ಪಾಠವನ್ನು ನಾಲ್ಕು ವರ್ಷ ಫೀ ತೆಗೆದುಕೊಂಡು ಕಲಿಸಿದವರು ನಾವು. ಅದಾದ ಮೇಲೆ ಎರಡು ದಿನದ ಶಿಬಿರದಲ್ಲಿ ಪ್ರಾಮಾಣಿಕತೆಯ ಉಪನ್ಯಾಸ ಇಟ್ಟರೆ ಹುಡುಗಿಯರು ಒಳಗೊಳಗೇ ನಗುತ್ತಾರೆ, ನಗಬೇಕಾದದ್ದೇ.

ಆದ್ದರಿಂದ ನನ್ನ ಮೊದಲ ಸಲಹೆ ನಿಮ್ಮ ಸಹಿಗೆ ಸಂಬಂಧಿಸಿದ್ದು. ಕೇಸ್ ಬುಕ್ಕಿಗೆ ಆ ದಿನ, ಆ ವಾರ್ಡಿನಲ್ಲಿ ಮಾತ್ರ ಸಹಿ ಹಾಕಿ. ಸಂಖ್ಯೆ ತುಂಬದಿದ್ದರೆ ತುಂಬಿಲ್ಲ ಎಂದೇ ಪ್ರಾಂಶುಪಾಲರಿಗೆ ಬರೆದುಕೊಟ್ಟು, ಹೆಚ್ಚಿನ ಪೋಸ್ಟಿಂಗ್ ಕೇಳಿ. ಎರಡನೆಯದು, ಟಿಪಿಆರ್ ಚಾರ್ಟ್‌ನಲ್ಲಿ ಜಾಗ ಖಾಲಿ ಬಿಡುವ ಹಕ್ಕು ಕೊಡಿ. ‘ನೋಡಲು ಆಗಲಿಲ್ಲ, ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಿದ್ದೇನೆ’ ಎಂದು ಬರೆದವಳಿಗೆ ಅಂಕ ಕಡಿಯಬೇಡಿ. ರೌಂಡಿಗೆ ಹೋದಾಗ ಯಾವುದಾದರೂ ಮೂರು ಹಾಸಿಗೆ ಆರಿಸಿ, ಅವಳ ಎದುರಿಗೇ ಕೈಗಡಿಯಾರ ಹಿಡಿದು ನೀವೇ ಉಸಿರು ಎಣಿಸಿ. ಚಾರ್ಟ್‌ನಲ್ಲಿ 20, ಎದುರಿಗೆ 32 ಬಂದರೆ ಹತ್ತು ಉಪನ್ಯಾಸಕ್ಕಾಗದ ಕೆಲಸ ಅಲ್ಲೇ ಆಗುತ್ತದೆ. ಕೂಗಾಡುವುದು ಬೇಡ, ರೋಗಿಯ ಮುಂದಂತೂ ಬೇಡವೇ ಬೇಡ. ‘ಮತ್ತೊಮ್ಮೆ ಎಣಸವಾ’ ಅಂದರೆ ಸಾಕು.

ಮುಂದಿನದು, ತಪ್ಪು ಬೇರೆ ದುರ್ನಡತೆ ಬೇರೆ ಎಂದು ಬಿಡಿಸಿ ಹೇಳುವುದು. ಇದಕ್ಕೆ ಇನ್ಸುಲಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಸೀಸೆ 100 ಯೂನಿಟ್. ಸಿರಿಂಜೂ ಎರಡು ಬಗೆ: ಕೆಂಪು ಮುಚ್ಚಳದ್ದು 40ರದು, ಕಿತ್ತಳೆ ಮುಚ್ಚಳದ್ದು 100ರದು. 100 ಯೂನಿಟ್‌ನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ಬೆಳಗಿನ ಏಳಕ್ಕೆ, ಡ್ಯೂಟಿ ಬದಲಾಗುವ ಗದ್ದಲದಲ್ಲಿ, ಯಾವ ಒಳ್ಳೆಯ ನರ್ಸಿನ ಕೈಯಿಂದಲೂ ಇದು ಆಗಬಹುದು.

ಆದ ಮರುಕ್ಷಣದಿಂದ ಎರಡು ದಾರಿ. ಒಬ್ಬಳು ಕೂಡಲೇ ಹೇಳುತ್ತಾಳೆ. ಸಕ್ಕರೆ ಪರೀಕ್ಷೆ ಆಗುತ್ತದೆ, ಸಕ್ಕರೆ ಏರಿಸುವ ಡೆಕ್ಸ್‌ಟ್ರೋಸ್ ಸಿದ್ಧವಾಗುತ್ತದೆ, ಮಧ್ಯಾಹ್ನದವರೆಗೆ ಕಣ್ಣಿಟ್ಟರೆ ರೋಗಿ ಉಳಿಯುತ್ತಾರೆ. ಇನ್ನೊಬ್ಬಳು ಹೆದರಿ ‘20 ಯೂನಿಟ್ ಕೊಡಲಾಗಿದೆ’ ಎಂದು ಬರೆದು ಮನೆಗೆ ಹೋಗುತ್ತಾಳೆ. ಹತ್ತಕ್ಕೆ ರೋಗಿ ಬೆವತು ಎಚ್ಚರ ತಪ್ಪಿದಾಗ ಮುಂದಿನ ಶಿಫ್ಟಿನವರಿಗೆ ಕಾರಣವೇ ತಿಳಿಯುವುದಿಲ್ಲ. ಇಬ್ಬರ ಕೈತಪ್ಪೂ ಒಂದೇ. ಎರಡನೆಯವಳದು ದುರ್ನಡತೆ ಆದದ್ದು ಮುಚ್ಚಿಟ್ಟದ್ದರಿಂದ. ಈ ಪ್ರಸಂಗವನ್ನು ತರಗತಿಯಲ್ಲಿ ಇಟ್ಟು ನೋಡಿ, ‘ಹೇಳಿದರೆ ಏನಾಗುತ್ತಿತ್ತು?’ ಎಂದು ಕೇಳಿ. ‘ಎಲ್ಲರ ಮುಂದ ಬೈತಾರ್ರಿ ಮೇಡಂ, ಫೈನ್ ಹಾಕ್ತಾರ, ಸರ್ಟಿಫಿಕೇಟ್ ಹಿಡಕೋತಾರ’ ಎಂಬ ಉತ್ತರವೇ ಹೆಚ್ಚು ಬರುತ್ತದೆ. ಹೇಳಿದವಳಿಗೆ ಶಿಕ್ಷೆ, ಮುಚ್ಚಿಟ್ಟವಳಿಗೆ ರಜೆ ಎಂಬಂತಿರುವ ವಾರ್ಡಿಗೆ ನೀವು ಎಷ್ಟೇ ನೀತಿವಂತ ಹುಡುಗಿಯನ್ನು ಕಳಿಸಿದರೂ ಆರು ತಿಂಗಳಲ್ಲಿ ಅವಳೂ ಮುಚ್ಚಿಡಲು ಕಲಿಯುತ್ತಾಳೆ.

ಇಲ್ಲೊಂದು ಸಣ್ಣ ಇತಿಹಾಸ ಹೇಳುತ್ತೇನೆ. ದೀಪ ಹಿಡಿದು ನಾವು ಹೇಳಿಸುವ ನೈಟಿಂಗೇಲ್ ಪ್ರತಿಜ್ಞೆಯನ್ನು ಬರೆದದ್ದು ಫ್ಲಾರೆನ್ಸ್ ನೈಟಿಂಗೇಲ್ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಎಂಬ ನರ್ಸಿಂಗ್ ಶಿಕ್ಷಕಿಯ ನೇತೃತ್ವದ ಸಮಿತಿ ಅದನ್ನು ಬರೆಯಿತು. ಅದರಲ್ಲಿ ವೈದ್ಯರಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಸಾಲಿತ್ತು. ಅಂತಾರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ಮೊದಲ ನೀತಿಸಂಹಿತೆ ತಂದಾಗಲೂ ವೈದ್ಯರ ಆದೇಶವನ್ನು ನಿಷ್ಠೆಯಿಂದ ಪಾಲಿಸಬೇಕೆಂಬ ಮಾತು ಉಳಿದಿತ್ತು. 1973ರ ಪರಿಷ್ಕರಣೆಯಲ್ಲಿ ಅದು ಹೋಯಿತು. ನರ್ಸಿನ ಮೊದಲ ಹೊಣೆ ಶುಶ್ರೂಷೆ ಬೇಕಾದವರಿಗೆ ಎಂಬುದು ಬಂತು, 2021ರ ಆವೃತ್ತಿಯವರೆಗೂ ಅದೇ ದಿಕ್ಕು. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತಿನ 2006ರ ಸಂಹಿತೆಯೂ ರೋಗಿಯ ಘನತೆ ಮತ್ತು ಹಕ್ಕನ್ನೇ ಮುಂದಿಡುತ್ತದೆ. ಪುಸ್ತಕದಲ್ಲಿ ಅರ್ಧ ಶತಮಾನದ ಹಿಂದೆ ಬದಲಾದದ್ದು ನಮ್ಮ ವಾರ್ಡುಗಳಲ್ಲಿ ಇನ್ನೂ ಪೂರ್ತಿ ಬದಲಾಗಿಲ್ಲ. ‘ಡಾಕ್ಟರ್ ಸಾಹೇಬ್ರು ಬರದಾರ, ನಾವ್ಯಾರು ಕೇಳಾಕ’ ಎಂಬ ಮಾತು ನೀವೂ ಕೇಳಿರುತ್ತೀರಿ.

ಹಾಗಾಗಿ ಬಾಯಿ ಬಿಡುವುದನ್ನು ಅಭ್ಯಾಸ ಮಾಡಿಸಬೇಕು, ಅದೂ ನಮ್ಮ ಮಾತಿನಲ್ಲಿ. ಇಂಗ್ಲಿಷ್ ಪುಸ್ತಕದ ವಾಕ್ಯವನ್ನು ಬಾಯಿಪಾಠ ಮಾಡಿದ ಹುಡುಗಿಗೆ ಹುಬ್ಬಳ್ಳಿಯ ವಾರ್ಡಿನಲ್ಲಿ, ಎದುರಿಗೆ ನಿದ್ದೆಗೆಟ್ಟ ಪಿಜಿ ಡಾಕ್ಟರ್ ನಿಂತಾಗ, ಅದು ನಾಲಿಗೆಗೆ ಬರುವುದಿಲ್ಲ. ಒಬ್ಬಳು ಡಾಕ್ಟರ್ ಆಗಲಿ, ಒಬ್ಬಳು ನರ್ಸ್. ಮೂತ್ರ ಕಡಿಮೆಯಾದವರಿಗೆ ಪೊಟ್ಯಾಸಿಯಂ ಹಾಕುವುದು ಅಪಾಯ, ಅದೇ ಪ್ರಸಂಗ ಇರಲಿ. ‘ಸರ್, ಏಳನೇ ಬೆಡ್ ಅಜ್ಜಗ ಪೊಟ್ಯಾಸಿಯಂ ಬರದೀರಿ. ರಾತ್ರಿಯಿಂದ ಯೂರಿನ್ ಭಾಳ ಕಮ್ಮಿ ಅದ ಸರ್, ಚಾರ್ಟ್ ಇಲ್ಲಿ ಅದ. ಹಾಕೂಕಿಂತ ಮದಲ ನೀವು ಒಂದ್ ಸಲ ನೋಡ್ರಿ.’ ಡಾಕ್ಟರ್ ಪಾತ್ರದವಳು ರೇಗಲಿ: ‘ನೀ ಡಾಕ್ಟರೋ ನಾನೋ?’ ನರ್ಸ್ ಎರಡನೇ ಸಲ ಹೇಳಬೇಕು: ‘ನೀವ ಸರ್. ಆದ್ರ ನೀವು ನೋಡೂತನಕ ನಾ ಹಾಕಂಗಿಲ್ಲ. ಇನ್‌ಚಾರ್ಜ್ ಸಿಸ್ಟರಿಗೂ ಹೇಳೀನಿ.’ ಮೊದಲ ಸಲ ಎಲ್ಲರೂ ನಗುತ್ತಾರೆ. ಮೂರನೇ ಸಲ ನಗು ನಿಲ್ಲುತ್ತದೆ, ದನಿ ಗಟ್ಟಿಯಾಗುತ್ತದೆ. ಪಾತ್ರ ಅದಲುಬದಲು ಮಾಡಿಸಿ. ರೇಗುವ ಪಾತ್ರ ಮಾಡಿದವಳೇ ಮುಂದೆ ಇನ್‌ಚಾರ್ಜ್ ಆದಾಗ ಕಿರಿಯರ ಮೇಲೆ ರೇಗುವ ಮುನ್ನ ಯೋಚಿಸುತ್ತಾಳೆ ಎಂಬುದು ನನ್ನ ಆಸೆ.

ಈಗ ರೊಕ್ಕದ ವಿಷಯ. ನಿಮ್ಮ ಹಳೆಯ ವಿದ್ಯಾರ್ಥಿನಿಯ ಮೇಲಿನ ದೂರು ನಿಜವೋ ಅಲ್ಲವೋ ವಿಚಾರಣೆ ಹೇಳಲಿ. ರೂಢಿಯಂತೂ ಎಲ್ಲರಿಗೂ ಗೊತ್ತಿರುವುದೇ: ಗಂಡಾದರೆ ಒಂದು ರೇಟು, ಹೆಣ್ಣಾದರೆ ಅದಕ್ಕಿಂತ ಕಡಿಮೆ, ಅದರಲ್ಲಿ ಆಯಾಗೆ ಇಷ್ಟು, ವಾರ್ಡ್ ಬಾಯ್‌ಗೆ ಇಷ್ಟು. ವಿದ್ಯಾರ್ಥಿಗಳಿಗೆ ಇದು ಕೆಟ್ಟದ್ದು ಎಂದಷ್ಟೇ ಹೇಳಬೇಡಿ, ಕಾಗದ ತೋರಿಸಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಸೇರಿಯನ್ ಕೂಡ, ಪೂರ್ತಿ ಉಚಿತ. ಔಷಧ, ಪರೀಕ್ಷೆ, ರಕ್ತ, ಸಹಜ ಹೆರಿಗೆಯಾದರೆ ಮೂರು ದಿನ ಮತ್ತು ಸಿಸೇರಿಯನ್ ಆದರೆ ಏಳು ದಿನ ಊಟ, ಮನೆಯಿಂದ ಕರೆತಂದು ಮನೆಗೆ ಬಿಡುವ ಗಾಡಿ, ಎಲ್ಲವೂ. ಆ ಹೆಣ್ಣುಮಗಳ ಗಂಡ ಎರಡು ದಿನದ ಕೂಲಿ ಬಿಟ್ಟು ಬಂದಿರುತ್ತಾನೆ. ಅವನ ಕೈಯಿಂದ ಕಿತ್ತದ್ದು ಅವನ ಹೆಂಡತಿಗೆ ಸರಕಾರ ಆಗಲೇ ಕೊಟ್ಟದ್ದರ ಬೆಲೆ. ಸರಕಾರಿ ನೌಕರರಿಗೆ ಇದು ಲಂಚವೇ, 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಬರುವ ಅಪರಾಧ.

ಕಷ್ಟ ಇರುವುದು ಒತ್ತಾಯ ಮಾಡಿ ಕೊಡುವವರಲ್ಲಿ. ಮೊಮ್ಮಗನ ಮುಖ ನೋಡಿದ ಮುದುಕ ನೋಟನ್ನು ಮುದುಡಿ ಸಿಸ್ಟರ್ ಕೈಗೆ ತುರುಕುತ್ತಾನೆ. ‘ಇರ್ಲಿ ತಗೋರಿ, ನಮ್ಮ ಖುಷೀಲೆ ಕೊಡಾಕತ್ತೀವಿ.’ ಬೇಡ ಅಂದರೆ ಅವನಿಗೆ ಅವಮಾನ, ತೆಗೆದುಕೊಂಡರೆ ಪಕ್ಕದ ಹಾಸಿಗೆಯವರಿಗೆ ಭಯ. ಅವರು ಅಷ್ಟು ಕೊಟ್ಟರು, ನಾವು ಎಷ್ಟು ಕೊಡಬೇಕೋ ಎಂದು. ಇದಕ್ಕೂ ಮಾತು ಕಲಿಸಬೇಕು: ‘ಕಾಕಾ, ಬ್ಯಾಡ್ರಿ. ಇಲ್ಲಿ ಹೆರಿಗಿಗೆ ರೊಕ್ಕಿಲ್ಲ. ಖುಷಿ ಆಗಿದ್ರ ಪೇಢಾ ತರ್ರಿ, ಇಡೀ ವಾರ್ಡಿಗೆ ಹಂಚೂಣು.’ ಪೇಢಾ ಕೂಡ ಬೇಡ ಅನ್ನುವ ಕಟ್ಟುನಿಟ್ಟಿನವರಿದ್ದಾರೆ, ನಾನು ಆ ಪೈಕಿ ಅಲ್ಲ. ಎಲ್ಲರೆದುರು ಬಿಚ್ಚಿ, ರೋಗಿಗಳ ಮನೆಯವರೂ ಸೇರಿ ತಿನ್ನುವ ಸಿಹಿ ಬೇರೆ, ಒಬ್ಬರ ಕೈಗೆ ಹೋಗುವುದು ಬೇರೆ. ಕೆಲಸಕ್ಕೆ ಮೊದಲು ಬಂದ ಯಾವುದನ್ನೂ, ಎಳನೀರಾದರೂ, ಮುಟ್ಟಬಾರದು.

ಲೇಬರ್ ರೂಮಿನಲ್ಲಿ ರೊಕ್ಕಕ್ಕಿಂತ ಹೆಚ್ಚು ನೋಯಿಸುವುದು ಬಾಯಿ. ನೋವಿನಲ್ಲಿ ಕೂಗುವವಳಿಗೆ ಹೇಳುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ತೊಡೆಯ ಮೇಲೆ ಬೀಳುವ ಹೊಡೆತವೂ ಗೊತ್ತು. 2017ರಲ್ಲಿ ಕೇಂದ್ರ ಸರಕಾರ ತಂದ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ಹೆರಿಗೆ ಆರೈಕೆಯನ್ನು ಗುಣಮಟ್ಟದ ಭಾಗ ಮಾಡಿತು, ಜೊತೆಗೆ ತನ್ನವರೊಬ್ಬರು ಇರಬಹುದು, ಪರದೆ ಇರಬೇಕು ಎಂದಿತು. ನಿಮ್ಮ ವಿದ್ಯಾರ್ಥಿನಿ ಮೊದಲ ಪೋಸ್ಟಿಂಗ್‌ನಲ್ಲಿ ಆ ಹೊಡೆತ ನೋಡಿ ಬೆಚ್ಚಿ ನಿಮ್ಮ ಮುಖ ನೋಡುತ್ತಾಳೆ. ನೀವು ಆಗ ಕಣ್ಣು ತಪ್ಪಿಸಿದರೆ ಅವಳ ನೀತಿಪಾಠ ಅಲ್ಲಿಗೆ ಮುಗಿಯಿತು. ಸಿಸ್ಟರ್ ಜೊತೆ ಅಲ್ಲೇ ಜಗಳಕ್ಕೆ ನಿಲ್ಲಬೇಕಿಲ್ಲ. ನೀವೇ ಆ ಹೆಣ್ಣುಮಗಳ ತಲೆದೆಸೆಯಲ್ಲಿ ನಿಂತು ಕೈ ಹಿಡಿದು ‘ಉಸರ ತಗೋ ಯವ್ವಾ, ಇನ್ನ ಸ್ವಲ್ಪ’ ಅನ್ನಿ. ಸಂಜೆ ವಿದ್ಯಾರ್ಥಿನಿಯರನ್ನು ಕೂಡಿಸಿ, ಇವತ್ತು ಏನು ನೋಡಿದಿರಿ ಎಂದು ಕೇಳಿ. ಇನ್‌ಚಾರ್ಜ್‌ಗೆ ಹೇಳಬೇಕಾದದ್ದನ್ನು ನೀವು ಹೇಳಿ, ಅವರ ಬಾಯಿಂದ ಹೇಳಿಸಬೇಡಿ.

ಸರಿ ಯಾವುದು ಎಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದ ಮಾಡಲಾಗದೆ ಒಳಗೇ ಬೇಯುವುದನ್ನು ಆಂಡ್ರ್ಯೂ ಜೇಮಟನ್ ಎಂಬ ಚಿಂತಕ 1984ರಲ್ಲಿ ನೈತಿಕ ಸಂಕಟ ಎಂದು ಗುರುತಿಸಿದರು, ಅದೂ ನರ್ಸ್‌ಗಳನ್ನೇ ನೋಡಿ. ಆ ಸಂಕಟಕ್ಕೆ ಕಿವಿ ಸಿಗದಿದ್ದರೆ ಅದು ಮೊಂಡಾಗುತ್ತದೆ. ಇಂದು ಬೆಚ್ಚಿದವಳೇ ಮೂರು ವರ್ಷದ ಮೇಲೆ ಹೊಡೆಯಲು ಕೈ ಎತ್ತುತ್ತಾಳೆ.

ಕಾನೂನಿನ ಪಾಠದ ಬಗ್ಗೆ ಒಂದು ಎಚ್ಚರಿಕೆ. ಕಲಮುಗಳ ಪಟ್ಟಿ ಓದಿಸಿ ಹೆದರಿಸಬೇಡಿ, ಹೆದರಿದವರು ಮುಚ್ಚಿಡುತ್ತಾರೆ. ಎರಡು ಮೂರು ಪ್ರಸಂಗ ಆರಿಸಿ ಆಳವಾಗಿ ಮಾಡಿ. ಮನೋರೋಗ ಶುಶ್ರೂಷೆಗೆಂದು ಹುಡುಗಿಯರನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಕಳಿಸುವ ಮೊದಲು ರೋಗಿಯನ್ನು ಕಟ್ಟಿಹಾಕುವ ಪ್ರಶ್ನೆ ಎತ್ತಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ ಮಾತ್ರ. ಶಿಕ್ಷೆಗಾಗಿ ಕೂಡದು. ಸಿಬ್ಬಂದಿ ಕಮ್ಮಿ ಇದ್ದಾರೆ ಎಂಬ ಕಾರಣಕ್ಕೂ ಕೂಡದು, ಹಾಗೆಂದು ಕಾಯ್ದೆಯಲ್ಲೇ ಬರೆದಿದೆ. ನಮ್ಮ ಎಲ್ಲ ತಪ್ಪಿಗೂ ನಾವು ಕೊಡುವ ಕಾರಣ ಅದೇ ಆದ್ದರಿಂದ ಆ ಸಾಲನ್ನು ಬೋರ್ಡಿನ ಮೇಲೆ ಬರೆದು ಚರ್ಚೆಗೆ ಬಿಡಿ. ಕೊರತೆ ಸುಳ್ಳಲ್ಲ. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೊಬ್ಬ ನರ್ಸ್ ಎಂಬ ಲೆಕ್ಕ ಸರಕಾರಿ ಕಾಗದದಲ್ಲಿದೆ, ರಾತ್ರಿ ನಲವತ್ತಕ್ಕೆ ಒಬ್ಬಳಿರುವುದು ಕಣ್ಣೆದುರಿದೆ. ಕೊರತೆಯನ್ನು ಬರೆದು ಮೇಲಕ್ಕೆ ಕಳಿಸುವುದೂ ನರ್ಸಿನ ನೀತಿಯ ಭಾಗ ಎಂಬುದು ಆ ಚರ್ಚೆಯಿಂದ ಬರಬೇಕು.

ಇನ್ನೊಂದು ಪ್ರಸಂಗ ಗದಗ, ಹಾವೇರಿ ಕಡೆಯ ಹಳ್ಳಿಗಳಿಗೆ ಹತ್ತಿರದ್ದು. ತುಂಬು ಗರ್ಭಿಣಿ ಬರುತ್ತಾಳೆ, ಆಧಾರ್ ಪ್ರಕಾರ 17. ತಾಯಿ ಸಿಸ್ಟರ್ ಕಿವಿಯಲ್ಲಿ ಹೇಳುತ್ತಾಳೆ: ‘ಹತ್ತೊಂಬತ್ತ ಅಂತ ಬರಕೋರಿ, ಮದವಿ ಆಗೇತ್ರಿ.’ ಗೌಪ್ಯತೆಯ ಪಾಠ ಓದಿದ ಹುಡುಗಿ ಇದನ್ನು ಗುಟ್ಟಾಗಿಡಬೇಕು ಅಂದುಕೊಳ್ಳುತ್ತಾಳೆ. ಆದರೆ ಹದಿನೆಂಟು ತುಂಬದವರನ್ನು ಲೈಂಗಿಕ ಅಪರಾಧದಿಂದ ಕಾಯುವ 2012ರ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮದುವೆ ಆಗಿದೆ ಎನ್ನುವುದು ವಿನಾಯಿತಿ ಅಲ್ಲ, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ವಯಸ್ಸು ತಿದ್ದಿದರೆ ಸುಳ್ಳು ದಾಖಲೆ ಬೇರೆ. ಅದೇ ಸಮಯಕ್ಕೆ, ವರದಿಯ ನೆಪದಲ್ಲಿ ಆರೈಕೆ ಒಂದು ನಿಮಿಷವೂ ನಿಲ್ಲಬಾರದು, ಆ ಹುಡುಗಿಯ ಹೆಸರು ಕ್ಯಾಂಟೀನಿನವರೆಗೆ ಹೋಗಬಾರದು. ‘ಯವ್ವಾ, ವಯಸ್ಸು ಇದ್ದಂಗ ಬರೀತೀನಿ. ನಿನ್ನ ಮಗಳ ಹೆರಿಗಿ ಚಂದಾಗಿ ಮಾಡ್ತೀವಿ, ಅದರ ಚಿಂತಿ ಬ್ಯಾಡ’ ಎಂದು ಹೇಳಿ ವೈದ್ಯಾಧಿಕಾರಿಗೆ ತಿಳಿಸುವಷ್ಟು ವಿದ್ಯಾರ್ಥಿನಿಗೆ ಗೊತ್ತಿರಬೇಕು. ಗುಟ್ಟು ಎಲ್ಲಿ ಕಾಯಬೇಕು, ಎಲ್ಲಿ ಹೇಳಲೇಬೇಕು ಎಂಬ ವ್ಯತ್ಯಾಸ ಇಂಥ ಒಂದು ಪ್ರಸಂಗದಿಂದ ತಿಳಿಯುವಷ್ಟು ವ್ಯಾಖ್ಯೆಯಿಂದ ತಿಳಿಯುವುದಿಲ್ಲ. ಹೋಲಿಕೆಗೆ ಎಚ್‌ಐವಿ ಸೋಂಕಿತರ ಕೇಸ್ ಶೀಟಿನ ಮೇಲೆ ಕೆಂಪು ಅಕ್ಷರ ಬರೆಯುವುದು, ಹಾಸಿಗೆಗೆ ಚೀಟಿ ಅಂಟಿಸುವುದು ತೆಗೆದುಕೊಳ್ಳಿ. 2017ರ ಎಚ್‌ಐವಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಕಲಿಸಿ ತಡೆಯಲಾಗದ ದುರ್ನಡತೆಯೂ ಇದೆ, ಇದನ್ನು ಮಂಡಳಿಯವರಿಗೆ ಸ್ಪಷ್ಟವಾಗಿ ಹೇಳಿ. ಕದಿಯಲೇಬೇಕು, ಕೈ ಹಾಕಲೇಬೇಕು ಎಂದು ಬಂದವರನ್ನು ಪಾಠ ತಿದ್ದುವುದಿಲ್ಲ. ಅಲ್ಲಿ ವ್ಯವಸ್ಥೆ ಬೇಕು: ಮಾರ್ಫಿನ್, ಫೆಂಟನಿಲ್‌ನಂಥ ಚಟ ಹಿಡಿಸುವ ನೋವಿನ ಔಷಧಗಳಿಗೆ ಬೀಗ, ರಿಜಿಸ್ಟರಿನಲ್ಲಿ ಎರಡು ಸಹಿ, ಒಡೆದ ಆಂಪೂಲ್‌ಗಳ ಎಣಿಕೆ. ಹೆಣ್ಣು ರೋಗಿಗೆ ಬ್ರದರ್, ಅಂದರೆ ಗಂಡು ನರ್ಸ್, ಮೂತ್ರದ ನಳಿಕೆ (ಕ್ಯಾಥೆಟರ್) ಹಾಕುವುದಾದರೆ ಜೊತೆಗೆ ಇನ್ನೊಬ್ಬ ಹೆಣ್ಣುಮಗಳು. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಶುಶ್ರೂಷಾ ಆಯೋಗದ ಕಾಯ್ದೆಯಲ್ಲಿ ನೀತಿ ಮತ್ತು ನೋಂದಣಿಗೇ ಬೇರೆ ಮಂಡಳಿ ಇದೆ. ಗಂಭೀರ ಪ್ರಕರಣಗಳನ್ನು ಕಾಲೇಜಿನ ಕೋಣೆಯೊಳಗೆ ‘ಸಮಾಧಾನ’ ಮಾಡಿ ಮುಗಿಸುವುದು ಮುಂದಿನ ಊರಿನ ರೋಗಿಗೆ ಮಾಡುವ ಅನ್ಯಾಯ.

ರೀಲ್ಸ್ ಮಾಡಿದ ಹುಡುಗಿಯ ಬಗ್ಗೆ: ಕಾಲೇಜಿನಿಂದ ತೆಗೆಯಬೇಡಿ. ವಿಡಿಯೋ ಅಳಿಸಿರಬೇಕು, ರೋಗಿಗೂ ಅವರ ಮನೆಯವರಿಗೂ ಕಾಲೇಜಿನಿಂದ ಹಿರಿಯರೊಬ್ಬರು ಅವಳ ಜೊತೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿರಬೇಕು. ಆಮೇಲೆ ಕಿರಿಯ ಬ್ಯಾಚಿಗೆ ಒಂದು ಅಭ್ಯಾಸ ಮಾಡಿಸುವ ಕೆಲಸ ಅವಳಿಗೇ ಕೊಡಿ. ಪ್ರಯೋಗಶಾಲೆಯಲ್ಲಿ ಗೊಂಬೆ ಮಲಗಿಸಿ, ಪಕ್ಕದಲ್ಲಿ ಕೇಸ್ ಶೀಟ್, ಗೋಡೆಗೆ ಹೆಸರಿನ ಬೋರ್ಡ್ ಇಟ್ಟು ಒಂದು ಫೋಟೋ ತೆಗೆಯಲಿ, ಅದರಲ್ಲಿ ರೋಗಿಯ ಗುರುತು ಎಷ್ಟು ಕಡೆ ಇದೆ ಎಂದು ಹುಡುಕಿಸಲಿ. ಮುಖವೊಂದೇ ಗುರುತು ಎಂದುಕೊಂಡವರು ಹಾಸಿಗೆ ನಂಬರು, ದಾಖಲಾದಾಗ ಕೊಡುವ ಐಪಿ ನಂಬರು, ಕಿಟಕಿಯಲ್ಲಿ ನಿಂತ ಮಗನನ್ನೂ ನೋಡುವಂತಾಗಲಿ.

ಶಿಬಿರಕ್ಕೆ ಮಂಡಳಿಯವರು ರೊಕ್ಕ ತೆಗೆದಿಟ್ಟಿದ್ದರೆ ಬಿಡಬೇಡಿ. ಒಂದು ದಿನ ವಿದ್ಯಾರ್ಥಿಗಳಿಗೆ ಮೇಲೆ ಹೇಳಿದ ಮಾತಿನ ಅಭ್ಯಾಸ. ಇನ್ನೊಂದು ದಿನ ಪೋಸ್ಟಿಂಗ್ ದವಾಖಾನೆಗಳ ಇನ್‌ಚಾರ್ಜ್ ಸಿಸ್ಟರುಗಳನ್ನು ಕರೆಯಿರಿ. ಕುರ್ಚಿಗಳನ್ನು ಸುತ್ತಲೂ ಹಾಕಿ, ವೇದಿಕೆ ಬೇಡ. ವಿದ್ಯಾರ್ಥಿಗಳು ಹೆಸರಿಲ್ಲದೆ ಬರೆದುಕೊಟ್ಟ ‘ವಾರ್ಡಿನಲ್ಲಿ ನಾನು ನೋಡಿದ್ದು’ ಚೀಟಿಗಳನ್ನು, ಊರು ಮತ್ತು ವಾರ್ಡು ತೆಗೆದು, ಅವರ ಮುಂದೆ ಓದಿ. ಮೊದಲ ಅರ್ಧ ತಾಸು ಅವರು ಸಿಟ್ಟಾಗುತ್ತಾರೆ, ಆಮೇಲೆ ತಮ್ಮ ಕಷ್ಟ ಹೇಳತೊಡಗುತ್ತಾರೆ. ಅದನ್ನೆಲ್ಲ ಬರೆದುಕೊಳ್ಳಿ. ತಪ್ಪಾದಾಗ ಹೇಳಿದ ವಿದ್ಯಾರ್ಥಿನಿಯನ್ನು ಎಲ್ಲರೆದುರು ಬೈಯುವುದಿಲ್ಲ ಎಂಬ ಒಂದೇ ಒಂದು ಮಾತಿಗೆ ಅವರನ್ನು ಒಪ್ಪಿಸಲು ನೋಡಿ. ಸ್ವಾಮಿಗಳನ್ನು ಕರೆಯುವುದೇ ಆದರೆ ಆ ದಿನ ಮಧ್ಯಾಹ್ನದ ಊಟಕ್ಕೆ ಕರೆಯಿರಿ.